ಪಾರ್ಕಿಗೂ ಒಂದು ಸಮಿತಿ ಬೇಕಲ್ಲವೇ?

ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇದೆ. ಸರ್ಕಾರಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಗುಡಿಗೆ ಜಾತ್ರಾ ಕಮಿಟಿ ಇದೆ, ಗಣಪತಿ ಕೂರಿಸಲು ಓಣಿಗೊಂದು ಮಂಡಳಿ ಇದೆ. ಇಂಡಿಯಲ್ಲಿ ಲಿಂಬೆಗೂ ಒಂದು ಅಭಿವೃದ್ಧಿ ಮಂಡಳಿ ಇದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯಂಥ ತಾಲ್ಲೂಕು ಪಟ್ಟಣಗಳಲ್ಲಿ ಸಂಜೆ ಮಕ್ಕಳು ಆಡುವ, ಹಿರಿಯರು ಕೂರುವ, ಪೊಲೀಸ್ ಭರ್ತಿಗೆ ಹುಡುಗರು ಓಡಿ ತಯಾರಾಗುವ ಜಾಗದ ಬಗ್ಗೆ ಊರವರು ಕೂತು ಮಾತನಾಡಬೇಕು ಎಂದರೆ, ಅದಕ್ಕೊಂದು ಸಮಿತಿ ಇರಲೇಬೇಕೆಂಬ ನಿಯಮ ಇಲ್ಲ.

ಸೋಜಿಗವೆಂದರೆ, ಈ ವಿಷಯದಲ್ಲಿ ಪಟ್ಟಣಕ್ಕಿಂತ ಹಳ್ಳಿಯೇ ಮುಂದಿದೆ. ಪಂಚಾಯತ್ ರಾಜ್ ಕಾಯ್ದೆಯಿಂದಾಗಿ ಹಳ್ಳಿಯವರಿಗೆ ವಾರ್ಡ್ ಸಭೆ, ಗ್ರಾಮಸಭೆಗಳಿವೆ. ಅಲ್ಲಿ ಯಾರು ಬೇಕಾದರೂ ಎದ್ದು ನಿಂತು, ಮೈದಾನ ಏನಾಯ್ತು ಎಂದು ಪಿಡಿಒ ಅವರನ್ನು ಕೇಳಬಹುದು. ಪಟ್ಟಣದವರು ಎಲ್ಲಿ ಕೇಳಬೇಕು? ಸಂವಿಧಾನದ 243-ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಆ ಲೆಕ್ಕಕ್ಕೆ ಬರುವುದು ವಿಜಯಪುರ ನಗರವೊಂದೇ. 2011ರ ಜನಗಣತಿಯಲ್ಲಿ ಈ ನಾಲ್ಕೂ ಪಟ್ಟಣಗಳ ಜನಸಂಖ್ಯೆ 30 ಸಾವಿರದಿಂದ 40 ಸಾವಿರದ ನಡುವೆ ಇತ್ತು. ಅತ್ತ ಹಳ್ಳಿಯಲ್ಲ, ಇತ್ತ ದೊಡ್ಡ ನಗರವೂ ಅಲ್ಲ. ಪಾರ್ಕಿನ ಪ್ರಶ್ನೆ ಕಳೆದುಹೋಗುವುದು ಈ ಸಂದಿಯಲ್ಲೇ.

ಹಾಗಾದರೆ ಉದ್ಯಾನಗಳ ಹೊಣೆ ಯಾರದು? 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 12ನೇ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಉದ್ಯಾನ, ತೋಟ, ಆಟದ ಮೈದಾನಗಳು ಅದರಲ್ಲಿ 12ನೆಯವು. ಇಷ್ಟನ್ನೇ ಓದಿದರೆ ಸಮಾಧಾನವಾಗುತ್ತದೆ. ಆದರೆ ನಮ್ಮ ಪಟ್ಟಣಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಮೇಲೆ. ಪುರಸಭೆಯೇ ಇರಲಿ, ನಗರಸಭೆಯಾಗಿ ಮೇಲ್ದರ್ಜೆಗೇರಲಿ, ಕಾನೂನು ಅದೇ. ಆ ಕಾನೂನು ಕೆಲಸಗಳನ್ನು ಎರಡು ಭಾಗ ಮಾಡಿದೆ. ಬೀದಿ ದೀಪ, ಚರಂಡಿ, ಸ್ವಚ್ಛತೆಯಂಥವು 87ನೇ ಕಲಮಿನಲ್ಲಿ ಕಡ್ಡಾಯ ಕರ್ತವ್ಯಗಳು. ಉದ್ಯಾನ ನಿರ್ಮಾಣ ಮತ್ತು ನಿರ್ವಹಣೆ ಬರುವುದು 91ನೇ ಕಲಮಿನಲ್ಲಿ, ಅಂದರೆ ಮನಸ್ಸಿದ್ದರೆ ಮಾಡಬಹುದಾದ ಕೆಲಸಗಳ ಸಾಲಿನಲ್ಲಿ.

ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಹಣ ಸಾಲದಾದಾಗ ಮೊದಲು ಕೈಬಿಡುವುದು ಐಚ್ಛಿಕ ಕೆಲಸವನ್ನು. ಪಾರ್ಕಿನ ಬೋರ್‌ವೆಲ್ ಕೆಟ್ಟು ಎರಡು ಬೇಸಿಗೆ ಕಳೆದರೂ ಯಾರೂ ಕಾನೂನು ಮುರಿದಂತಾಗುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಸಿಗುವ ಉತ್ತರ ಒಂದೇ: ಅನುದಾನ ಬಂದಿಲ್ಲ.

ಅನುದಾನ ಬರುವುದೇ ಇಲ್ಲವೆಂದಲ್ಲ. ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಆರಂಭವಾದಾಗ ಮುಖ್ಯವಾಗಿ 1 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸೀಮಿತವಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ ಅಮೃತ್ 2.0 ಸಣ್ಣ ಪಟ್ಟಣಗಳನ್ನೂ ಒಳಗೊಂಡಿತು. ನೀರಿನ ಕೆಲಸಗಳ ಜೊತೆಗೆ ಹಸಿರು ಜಾಗ, ಉದ್ಯಾನಗಳಿಗೂ ಅದರಲ್ಲಿ ಅವಕಾಶವಿದೆ. ಆದರೆ ಇಂಥ ಹಣ ಸಾಮಾನ್ಯವಾಗಿ ಕಟ್ಟುವುದಕ್ಕೆ ಬರುತ್ತದೆ. ಕಟ್ಟಿದ ಮೇಲೆ ದಿನಾ ಬೀಗ ತೆಗೆಯುವವರು, ಗಿಡಕ್ಕೆ ನೀರು ಹಾಕುವವರು, ಮುರಿದ ಜೋಕಾಲಿ ಸರಿ ಮಾಡುವವರು ಯಾರು ಎಂಬುದು ಟೆಂಡರಿನ ಆಚೆಗೆ ಉಳಿಯುತ್ತದೆ.

ನಾನು ಬಿ.ಇ. ಓದುತ್ತಿರುವ ವಿದ್ಯಾರ್ಥಿ. ಕಂಟ್ರೋಲ್ ಸಿಸ್ಟಮ್ಸ್ ವಿಷಯದಲ್ಲಿ ನಮಗೆ ಮೊದಲು ಹೇಳಿಕೊಡುವುದೇ ಓಪನ್ ಲೂಪ್ ಮತ್ತು ಕ್ಲೋಸ್ಡ್ ಲೂಪ್‌ಗಳ ವ್ಯತ್ಯಾಸ. ಮನೆ ಮೇಲಿನ ಟ್ಯಾಂಕ್ ತುಂಬಿದ ಸುದ್ದಿ ಮೋಟರಿಗೆ ಮುಟ್ಟದಿದ್ದರೆ ನೀರು ಓಣಿಗೆಲ್ಲ ಹರಿಯುತ್ತದೆ. ಒಂದು ಫ್ಲೋಟ್ ಸ್ವಿಚ್ ಹಾಕಿದರೆ ಸಾಕು, ಮೋಟರ್ ತಾನೇ ನಿಲ್ಲುತ್ತದೆ. ಸ್ವಿಚ್ಚಿಗೆ ದೊಡ್ಡ ಶಕ್ತಿಯೇನೂ ಇಲ್ಲ, ಅದು ನೀರೆತ್ತುವುದೂ ಇಲ್ಲ. ಟ್ಯಾಂಕಿನಲ್ಲಿ ಏನಾಗಿದೆ ಎಂದು ತಿಳಿಸುತ್ತದೆ, ಅಷ್ಟೇ. ನಮ್ಮ ಪಟ್ಟಣಗಳ ಉದ್ಯಾನ ವ್ಯವಸ್ಥೆಯಲ್ಲಿ ಇಲ್ಲದಿರುವುದು ಈ ಸ್ವಿಚ್. ಹಣ ಒಂದು ಕಡೆಯಿಂದ ಹೋಗುತ್ತದೆ; ಅದರಿಂದ ಏನಾಯಿತು ಎಂಬ ಸುದ್ದಿ ಮರಳಿ ಬರುವ ದಾರಿ ಇಲ್ಲ.

ಅಮೆರಿಕದ ಅನೇಕ ನಗರಗಳು ಇದಕ್ಕೊಂದು ಸರಳ ದಾರಿ ಕಂಡುಕೊಂಡಿವೆ. ಅಲ್ಲಿ ನಗರಾಡಳಿತಕ್ಕೆ ಉದ್ಯಾನ ಮತ್ತು ಮನರಂಜನೆಯ ಸಲಹಾ ಆಯೋಗ ಎಂಬುದೊಂದು ಇರುತ್ತದೆ. ಊರಿನ ಕೆಲವು ನಿವಾಸಿಗಳನ್ನು ಚುನಾಯಿತ ಕೌನ್ಸಿಲ್ ನಿಗದಿತ ಅವಧಿಗೆ ನೇಮಿಸುತ್ತದೆ. ಅವರು ನಿಯಮಿತವಾಗಿ ಸಾರ್ವಜನಿಕರ ಎದುರೇ ಸಭೆ ಸೇರುತ್ತಾರೆ. ಯಾವ ಪಾರ್ಕಿಗೆ ಏನು ಬೇಕು, ಮೈದಾನವನ್ನು ಯಾವ ತಂಡ ಯಾವಾಗ ಬಳಸಬೇಕು, ಶುಲ್ಕ ಎಷ್ಟಿರಬೇಕು, ಬಜೆಟ್ಟಿನಲ್ಲಿ ಎಷ್ಟು ಇಡಬೇಕು ಎಂದು ಚರ್ಚಿಸಿ ಕೌನ್ಸಿಲ್ಲಿಗೆ ಶಿಫಾರಸು ಮಾಡುತ್ತಾರೆ. ಹಣ ಖರ್ಚು ಮಾಡುವ ಅಧಿಕಾರ ಇವರಿಗಿಲ್ಲ. ಆದರೆ ಶಿಫಾರಸು ದಾಖಲೆಗೆ ಸೇರಿರುವುದರಿಂದ ಅದನ್ನು ತಳ್ಳಿಹಾಕುವವರು ಕಾರಣ ಹೇಳಬೇಕಾದ ಮುಜುಗರಕ್ಕೆ ಸಿಗುತ್ತಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಏನೂ ಇಲ್ಲವೇ? ಹುಡುಕಿದರೆ ಒಂದಿದೆ. ಪುರಸಭೆಗೆ ರಾಜ್ಯ ಸರ್ಕಾರ 5 ಜನರವರೆಗೆ ನಾಮನಿರ್ದೇಶನ ಮಾಡಬಹುದು. ಪುರಸಭೆ ಆಡಳಿತ, ಆರೋಗ್ಯ, ನಗರ ಯೋಜನೆ, ಶಿಕ್ಷಣದಂಥ ವಿಷಯಗಳಲ್ಲಿ ತಿಳಿವಳಿಕೆ ಇರುವವರು ಸಭೆಯಲ್ಲಿ ಕೂತು ಸಲಹೆ ಕೊಡಲಿ ಎಂಬುದು ಇದರ ಉದ್ದೇಶ. ಅವರಿಗೆ ಮತದ ಹಕ್ಕಿಲ್ಲ, ಮಾತಿನ ಹಕ್ಕಿದೆ. ಸಲಹಾ ಆಯೋಗದ ಬೀಜ ಇಲ್ಲೇ ಇದೆ. ಆದರೆ ರಾಜ್ಯದಲ್ಲಿ ಯಾವ ಪಕ್ಷದ ಸರ್ಕಾರವಿದ್ದರೂ ಈ ಸ್ಥಾನಗಳು ಕಾರ್ಯಕರ್ತರಿಗೆ ಕೊಡುವ ಬಳುವಳಿಯಾಗಿವೆ ಎಂಬ ಮಾತು ಎಲ್ಲ ಊರಿನ ಕಟ್ಟೆಗಳ ಮೇಲೂ ಕೇಳಿಬರುತ್ತದೆ.

ಚುನಾಯಿತ ಸದಸ್ಯರೇ ಸಾಕಲ್ಲ, ಮತ್ತೊಂದು ಸಮಿತಿ ಯಾಕೆ ಎಂದು ಕೇಳಬಹುದು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ತಕರಾರು ಕೋರ್ಟ್ ಮೆಟ್ಟಿಲೇರಿ, ಬಹಳಷ್ಟು ಕಡೆ ಅಧ್ಯಕ್ಷರ ಆಯ್ಕೆಯಾಗಿದ್ದು 2020ರ ಕೊನೆಗೆ. ಗೆದ್ದವರು ಎರಡು ವರ್ಷ ಹೆಸರಿಗಷ್ಟೇ ಸದಸ್ಯರಾಗಿದ್ದರು, ಆಡಳಿತಾಧಿಕಾರಿಗಳೇ ಊರು ನಡೆಸಿದರು. ಮುಖ್ಯಾಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಆಡಳಿತಾಧಿಕಾರಿಗೆ ಇನ್ನೂ ಹತ್ತು ಜವಾಬ್ದಾರಿಗಳಿರುತ್ತವೆ. ಇಂಥ ಹೊತ್ತಿನಲ್ಲಿ ಊರಿನ ನೆನಪನ್ನು ಕಾಯುವವರು ಊರವರೇ ಆಗಿರಬೇಕು.

ಇನ್ನೊಂದು ತೊಡಕು ಒಡೆತನದ್ದು. ಪಾರ್ಕ್ ಪುರಸಭೆಯದು. ತಾಲ್ಲೂಕು ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಸರ್ಕಾರಿ ಶಾಲೆಯ ಮೈದಾನ ಶಿಕ್ಷಣ ಇಲಾಖೆಯದು. ಕೆರೆ ದಂಡೆ ಮತ್ತೊಂದು ಇಲಾಖೆಯದು. ಓಡುವ ಹುಡುಗನಿಗೆ ಈ ಗಡಿಗಳು ಕಾಣುವುದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ 1600 ಮೀಟರ್ ಓಡಬೇಕಾದವನು ಕ್ರೀಡಾಂಗಣಕ್ಕೆ ಬೀಗ ಇದ್ದರೆ ಬೆಳಗಿನ ಜಾವ ಹೆದ್ದಾರಿಗೆ ಇಳಿಯುತ್ತಾನೆ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಕತ್ತಲಲ್ಲಿ ಓಡುತ್ತಾನೆ. ಅವನಾದರೂ ಓಡುತ್ತಾನೆ, ಅದೇ ಪರೀಕ್ಷೆ ಬರೆಯುವ ಹುಡುಗಿಗೆ ಆ ದಾರಿಯೂ ಇಲ್ಲ. ದೀಪವಿಲ್ಲದ, ಶೌಚಾಲಯವಿಲ್ಲದ ಮೈದಾನ ಲೆಕ್ಕದಲ್ಲಿ ಎಲ್ಲರದು, ನಿಜದಲ್ಲಿ ಅರ್ಧ ಊರಿನದು ಮಾತ್ರ. ಈ ಇಲಾಖೆಗಳನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ ಕೇಳುವವರು ಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಜಾಗವೇ ಇಲ್ಲದಂತಾಗುವುದು. ನಮ್ಮ ಪಟ್ಟಣಗಳ ಸುತ್ತ ಎನ್.ಎ. ಪ್ಲಾಟುಗಳು ಏಳುತ್ತಲೇ ಇವೆ. ಬಡಾವಣೆ ಮಂಜೂರಾಗಬೇಕಾದರೆ ನಕ್ಷೆಯಲ್ಲಿ ಉದ್ಯಾನಕ್ಕೆ ಇಂತಿಷ್ಟು ಜಾಗ ಬಿಟ್ಟು ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿರುವ ಆ ಜಾಗ ಹತ್ತು ವರ್ಷದ ನಂತರ ನೆಲದ ಮೇಲೂ ಇದೆಯೇ ಎಂದು ನೋಡುವವರು ಯಾರು? 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಇದಕ್ಕೆಂದೇ ಇದೆ. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ತಯಾರಿಸಬೇಕು, ಪಟ್ಟಿಯಲ್ಲಿರುವ ಜಾಗವನ್ನು ಮನಸ್ಸಿಗೆ ಬಂದಂತೆ ಬೇರೆ ಕೆಲಸಕ್ಕೆ ಬಳಸಬಾರದು ಎಂಬುದು ಅದರ ಸಾರ. ಪಟ್ಟಿಯೇ ಕಾವಲುಗಾರ. ಪಟ್ಟಿ ಇಲ್ಲದಿದ್ದರೆ ಕಾಯ್ದೆಗೆ ಹಿಡಿಯಲು ಕೈಯೇ ಇಲ್ಲ.

ನೆರೆಹೊರೆಯವರು ಎಚ್ಚರವಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಣ ಪ್ರಕರಣದಲ್ಲಿ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಪಾರ್ಕಿನ ಜಾಗವನ್ನು ಹೀಗೆ ಪರಭಾರೆ ಮಾಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದು ಅದರಿಂದ ಗಟ್ಟಿಯಾಯಿತು. ಆದರೆ ಸಿಂದಗಿಯ ಅಥವಾ ಮುದ್ದೇಬಿಹಾಳದ ಸಾಮಾನ್ಯ ಕುಟುಂಬ ಒಂದು ಪಾರ್ಕಿಗಾಗಿ ದಿಲ್ಲಿಯವರೆಗೆ ಹೋಗಲಾರದು. ತಪ್ಪು ಆರಂಭದಲ್ಲೇ ಕಣ್ಣಿಗೆ ಬಿದ್ದರೆ ಕೋರ್ಟಿನ ಮಾತೇ ಬರುವುದಿಲ್ಲ.

ನಿರ್ದಿಷ್ಟ ಹೊಣೆ ಇದ್ದರೆ ಬಿಸಿಲ ನಾಡಿನಲ್ಲೂ ತೋಟ ಉಳಿಯುತ್ತದೆ ಎನ್ನುವುದಕ್ಕೆ ಆಲಮಟ್ಟಿ ನೋಡಿ. ಮೊದಲು ಬಸವನಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯ ಉದ್ಯಾನಗಳನ್ನು ಕೃಷ್ಣಾ ಭಾಗ್ಯ ಜಲ ನಿಗಮ ನೋಡಿಕೊಳ್ಳುತ್ತದೆ. ದೂರದಿಂದ ಬಸ್ಸು ಮಾಡಿಕೊಂಡು ಜನ ರಾಕ್ ಗಾರ್ಡನ್ ನೋಡಲು ಬರುತ್ತಾರೆ. ಅಲ್ಲಿ ಜಲಾಶಯದ ನೀರಿದೆ, ಪ್ರವಾಸಿಗರ ಟಿಕೆಟ್ ಹಣವಿದೆ, ನಮ್ಮ ಊರಿನ ಪಾರ್ಕನ್ನು ಅದಕ್ಕೆ ಹೋಲಿಸಬೇಡಿ ಎಂದರೆ ಒಪ್ಪುತ್ತೇನೆ. ಆದರೆ ವರ್ಷಕ್ಕೊಮ್ಮೆ ನೋಡುವ ತೋಟ ಬೇರೆ, ದಿನಾ ಸಂಜೆ ಹೋಗಿ ಕೂರುವ ನೆರಳು ಬೇರೆ. ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದಾದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗೆ ಬೇಕಾಗಿರುವುದು ಕಾರಂಜಿಯಲ್ಲ. ನಾಲ್ಕು ಬೇವಿನ ಮರ, ಒಂದು ನೀರಿನ ನಲ್ಲಿ, ಒಂದು ದೀಪ, ಬೀಗವಿಲ್ಲದ ಗೇಟು ಇದ್ದರೆ ಸಾಕು.

ಆದ್ದರಿಂದ ನಾಲ್ಕೂ ಪಟ್ಟಣಗಳಲ್ಲಿ ಉದ್ಯಾನ ಮತ್ತು ಮೈದಾನಗಳಿಗೆ ಒಂದೊಂದು ಸಲಹಾ ಸಮಿತಿ ರಚಿಸಬೇಕು. ಅಧಿಕಾರ ಕೇಳದ, ಸಲಹೆ ಮಾತ್ರ ಕೊಡುವ ಸಮಿತಿಗೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಊರವರ ಮಾತು ಕೇಳಲು ಸಾಮಾನ್ಯ ಸಭೆಯ ಒಂದು ಠರಾವು ಸಾಕು. ಹತ್ತು ಜನರಿದ್ದರೆ ಅರ್ಧ ಮಹಿಳೆಯರಿರಲಿ. ಒಬ್ಬ ದೈಹಿಕ ಶಿಕ್ಷಕರು, ಒಬ್ಬ ಅಂಗವಿಕಲರು, ಒಬ್ಬ ಹಿರಿಯ ನಾಗರಿಕರು, ಇಬ್ಬರು ಕಾಲೇಜು ವಿದ್ಯಾರ್ಥಿಗಳು ಇರಲೇಬೇಕು. ಎರಡು ವರ್ಷಕ್ಕೆ ಬದಲಾಗಲಿ, ಭತ್ಯೆ ಬೇಡ. ಕೆಲಸ ಮೂರೇ: ವರ್ಷಕ್ಕೊಮ್ಮೆ ಉದ್ಯಾನಗಳ ಪಟ್ಟಿಯನ್ನು ನಕ್ಷೆಯೊಂದಿಗೆ ತಾಳೆ ನೋಡುವುದು, ಮೂರು ತಿಂಗಳಿಗೊಮ್ಮೆ ಪ್ರತಿ ಜಾಗಕ್ಕೂ ಹೋಗಿ ವರದಿ ಬರೆಯುವುದು, ಬಜೆಟ್ಟಿಗೆ ಮೊದಲು ಬೇಡಿಕೆ ಸಲ್ಲಿಸುವುದು. ವರದಿಯನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚಬೇಕು, 30 ದಿನದೊಳಗೆ ಲಿಖಿತ ಉತ್ತರ ಬರಬೇಕು. ಈ ಕೊನೆಯ ಷರತ್ತು ಇಲ್ಲದಿದ್ದರೆ ಇದೂ ಚಹಾ ಕುಡಿದು ಸಹಿ ಹಾಕುವ ಮತ್ತೊಂದು ಸಮಿತಿಯಾಗುತ್ತದೆ.

ಠರಾವು ಆಗುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ಸ್ಥಳೀಯ ಸಂಸ್ಥೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ರೂಢಿ ಇದೆ. ಅಲ್ಲಿ ನಮ್ಮ ವಯಸ್ಸಿನವರು ಕಾಣುವುದು ಅಪರೂಪ. ಈ ಸಲ ಹೋಗಿ ಮೂರು ಪ್ರಶ್ನೆ ಕೇಳೋಣ. 1985ರ ಕಾಯ್ದೆಯ ಪ್ರಕಾರ ನಮ್ಮ ಊರಿನ ಉದ್ಯಾನಗಳ ಪಟ್ಟಿ ಎಲ್ಲಿದೆ? ಕಳೆದ ವರ್ಷ ನಿರ್ವಹಣೆಗೆ ಎಷ್ಟು ಖರ್ಚಾಯಿತು? ನಮ್ಮ ಮನೆ, ಪ್ಲಾಟುಗಳಿಗೆಲ್ಲ ಇ-ಖಾತಾ ಮಾಡಿಸಿ ಎನ್ನುತ್ತಿದ್ದೀರಿ, ಪಾರ್ಕಿನ ಜಾಗದ ಖಾತೆ ಯಾರ ಹೆಸರಿನಲ್ಲಿದೆ? ಅಲ್ಲಿ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಕೇಳುವ ನಾಲ್ಕು ಜನ ಕೂಡಿದರೆ, ಸಮಿತಿ ಅರ್ಧ ಹುಟ್ಟಿದಂತೆಯೇ.