ಮೂರು ವರ್ಷಕ್ಕೆ ಶಾಲೆ ಬಿಡಿಸುವುದೇನಿದೆ?

ಪುಣೆಯ ವಾಕಡ್, ಬಾಣೇರ್, ಹಿಂಜವಡಿ ಕಡೆ ಮನೆ ಮಾಡಿರುವ ಕನ್ನಡ ಕುಟುಂಬಗಳಲ್ಲಿ ಈಗೀಗ ಒಂದು ಮಾತು ಕೇಳಿಬರುತ್ತದೆ: ‘ನಾವು ಮಗೂನ ನರ್ಸರಿಗೆ ಹಾಕೋದಿಲ್ಲ, ಹೋಮ್‌ಸ್ಕೂಲಿಂಗ್ ಶುರು ಮಾಡ್ತಿದ್ದೀವಿ.’ ಹೇಳುವವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇರುತ್ತದೆ, ಸ್ವಲ್ಪ ಅಳುಕೂ ಇರುತ್ತದೆ. ಧಾರವಾಡದಿಂದಲೋ ಬಾಗಲಕೋಟೆಯಿಂದಲೋ ಅಜ್ಜಿ ಫೋನು ಮಾಡಿ ‘ಇನ್ನೂ ಸಾಲಿಗೆ ಹಾಕಲಿಲ್ಲೇನು?’ ಎಂದು ಗಾಬರಿಯಾಗುತ್ತಾಳೆ. ಆಫೀಸಿನ ಗೆಳೆಯರು ‘ಭಾರಿ ಧೈರ್ಯ ಬಿಡ್ರಿ’ ಎನ್ನುತ್ತಾರೆ. ಇಬ್ಬರ ಮಾತನ್ನೂ ಒಪ್ಪುವುದು ನನಗೆ ಕಷ್ಟ. ಗಾಬರಿಯಾಗುವಂಥದ್ದೂ ಧೈರ್ಯ ಬೇಡುವಂಥದ್ದೂ ಇದರಲ್ಲಿ ಏನೂ ಕಾಣುವುದಿಲ್ಲ. ಮೂರು ವರ್ಷದ ಕೂಸು ಮನೆಯಲ್ಲಿರುವುದು ನಿನ್ನೆ ಮೊನ್ನೆಯವರೆಗೂ ಎಲ್ಲರ ಮನೆಯ ಸಂಗತಿಯಾಗಿತ್ತು. ಐದು ತುಂಬಿದ ಮೇಲೆ ವಿಜಯದಶಮಿಗೋ ಶೃಂಗೇರಿಗೆ ಹೋದಾಗಲೋ ಅಕ್ಕಿಯ ಮೇಲೆ ಬೆರಳಾಡಿಸಿ, ಆಮೇಲೆ ಶಾಲೆಯ ಮಾತು ಎತ್ತುತ್ತಿದ್ದರು.

ಕಾನೂನೂ ಆ ಅಜ್ಜಿಯಷ್ಟು ಅವಸರಪಟ್ಟಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಬಗ್ಗೆ ಮಾತಾಡುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುವ ಹತ್ತನೆಯ ಕಲಮು ಆ ವಯಸ್ಸಿನವರಿಗೇ ಸಂಬಂಧಿಸಿದ್ದು. ಮೂರರಿಂದ ಆರರವರೆಗಿನವರ ವಿಷಯ ಬಂದಾಗ ಹನ್ನೊಂದನೆಯ ಕಲಮು ಸರ್ಕಾರ ಅಗತ್ಯ ವ್ಯವಸ್ಥೆ ಮಾಡಬಹುದು ಎಂದು ಹೇಳಿ ಸುಮ್ಮನಾಗುತ್ತದೆ. ತಂದೆತಾಯಿಗೆ ಏನನ್ನೂ ಕಡ್ಡಾಯ ಮಾಡುವುದಿಲ್ಲ. ಆರರ ನಂತರದ ಹೋಮ್‌ಸ್ಕೂಲಿಂಗ್ ಬೇರೆಯೇ ಪ್ರಶ್ನೆ. ಅದನ್ನು ಕಾಯ್ದೆ ಹೆಸರೆತ್ತಿ ನಿಷೇಧಿಸಿಲ್ಲ, ಹೆಸರೆತ್ತಿ ಒಪ್ಪಿಕೊಂಡೂ ಇಲ್ಲ. ಹದಿನಾಲ್ಕು ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನ ಹತ್ತನೆಯ ಪರೀಕ್ಷೆಯ ದಾರಿ ಇದೆ. ಆದರೆ ಅದೆಲ್ಲ ಮುಂದಿನ ಮಾತು. ಮೂರು ವರ್ಷದ ಕೂಸನ್ನು ಮನೆಯಲ್ಲಿಟ್ಟುಕೊಂಡವರು ಯಾವ ವ್ಯವಸ್ಥೆಯ ವಿರುದ್ಧವೂ ಬಂಡಾಯ ಎದ್ದಿಲ್ಲ.

ಅಂದಹಾಗೆ, ಈ ವಯಸ್ಸಿನ ಗೆರೆಗಳೂ ಕಲ್ಲಿನ ಮೇಲೆ ಕೊರೆದವಲ್ಲ. ಒಂದನೇ ತರಗತಿಗೆ ಆರು ತುಂಬಿರಬೇಕು ಎಂದು ಪಟ್ಟು ಹಿಡಿದಿದ್ದ ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ, ಎಲ್‌ಕೆಜಿ ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಎಂದು ಆ ಒಂದು ವರ್ಷದ ಮಟ್ಟಿಗೆ ಸಡಿಲಿಸಿತು. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಕಾಲಿಡುವುದು ಏಳರಲ್ಲಿ.

ಹಾಗಾದರೆ ನನ್ನ ತಕರಾರು ಎಲ್ಲಿ? ಶಾಲೆ ಬೇಡ ಎಂದು ನಿರ್ಧರಿಸಿದ ವಾರದೊಳಗೆ ಮನೆಯಲ್ಲಿ ನಡೆಯುವ ಸಂಗತಿಗಳ ಬಗ್ಗೆ. ಗೋಡೆಗೆ ವೇಳಾಪಟ್ಟಿ ಅಂಟುತ್ತದೆ. ಒಂಬತ್ತೂವರೆಗೆ ಅಕ್ಷರ, ಹತ್ತಕ್ಕೆ ಅಂಕಿ, ಹತ್ತೂವರೆಗೆ ‘ಸೆನ್ಸರಿ ಪ್ಲೇ’. ಲ್ಯಾಮಿನೇಟ್ ಮಾಡಿಸಿದ ಫ್ಲಾಶ್ ಕಾರ್ಡುಗಳು ಬರುತ್ತವೆ, ತಿಂಗಳಿಗೊಂದು ಚಟುವಟಿಕೆಯ ಪೆಟ್ಟಿಗೆ ಕೊರಿಯರಿನಲ್ಲಿ ಬರುತ್ತದೆ, ಮಾಂಟೆಸ್ಸರಿ ಹೆಸರಿನ ಮರದ ಸಾಮಾನು ಕಪಾಟು ತುಂಬುತ್ತದೆ. ಸಂಜೆ ತಾಯಿ ಮಗುವಿನ ದಿನವನ್ನು ಬರೆದಿಡುತ್ತಾಳೆ. ಯಾವ ಗುರಿ ಮುಟ್ಟಿತು, ಯಾವುದು ಬಾಕಿ. ಶಾಲೆಯ ಕಟ್ಟಡವನ್ನಷ್ಟೇ ಬಿಟ್ಟು ಶಾಲೆಯ ಉಳಿದದ್ದನ್ನೆಲ್ಲ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಂದಂತಾಯಿತು. ನಿಜವಾದ ನರ್ಸರಿಯಲ್ಲಿ ಟೀಚರು ಇಪ್ಪತ್ತು ಮಕ್ಕಳ ಮೇಲೆ ಕಣ್ಣಿಡಬೇಕು, ಒಂದಿಷ್ಟು ಹೊತ್ತಾದರೂ ಮಗುವಿಗೆ ಅವಳ ಕಣ್ಣು ತಪ್ಪಿಸಿ ಕಿಟಕಿಯ ಹೊರಗೆ ನೋಡುವ ಅವಕಾಶವಿದೆ. ಇಲ್ಲಿ ಟೀಚರೂ ತಾಯಿಯೂ ಒಬ್ಬಳೇ, ವಿದ್ಯಾರ್ಥಿಯೂ ಒಂದೇ. ಪಾಪದ ಕೂಸು ಎಲ್ಲಿಗೆ ಹೋಗಬೇಕು?

ಮಾಂಟೆಸ್ಸರಿ ಸಾಮಾನಿನ ಮಾತು ಬಂದದ್ದಕ್ಕೆ ಒಂದು ವಿಷಯ. ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು 1907ರ ಜನವರಿಯಲ್ಲಿ ತೆರೆದದ್ದು ರೋಮ್ ನಗರದ ಸಾನ್ ಲೊರೆಂಝೊ ಎಂಬ ಬಡ ಕಾರ್ಮಿಕರ ವಠಾರದಲ್ಲಿ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದಾಗ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಮಕ್ಕಳಿಗಾಗಿ. ಅವರ ಹೆಸರು ಇಂದು ಪುಣೆಯಲ್ಲಿ ಯಾವ ದರಕ್ಕೆ ಮಾರಾಟವಾಗುತ್ತಿದೆ ಎಂಬುದನ್ನು ಓದುಗರೇ ವಿಚಾರಿಸಿಕೊಳ್ಳಬಹುದು.

ಇಂಥದ್ದು ಪುಣೆಯಲ್ಲಿ ನಡೆಯುತ್ತಿರುವುದು ನನಗೆ ಹೆಚ್ಚು ವಿಚಿತ್ರವಾಗಿ ಕಾಣುತ್ತದೆ. ಚಿಕ್ಕ ಮಕ್ಕಳ ಕಲಿಕೆಯ ವಿಷಯದಲ್ಲಿ ಈ ಊರಿಗೂ ಈ ರಾಜ್ಯಕ್ಕೂ ದೊಡ್ಡ ಪರಂಪರೆ ಇದೆ. ಅನುತಾಯಿ ವಾಘ್ 1910ರಲ್ಲಿ ಹುಟ್ಟಿದ್ದು ಪುಣೆ ಜಿಲ್ಲೆಯ ಮೋರಗಾವಿನಲ್ಲಿ, ಅಷ್ಟವಿನಾಯಕರಲ್ಲಿ ಮೊದಲ ಗಣಪ ಇರುವ ಊರು. ಬಾಲ್ಯದಲ್ಲೇ ವಿಧವೆಯಾಗಿ, ಓದಿ, ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ಹೆಂಗಸು. 1945ರಲ್ಲಿ ಅವರು ತಾರಾಬಾಯಿ ಮೋಡಕರ ಜೊತೆ ಸೇರಿ ಬೋರ್ಡಿ ಎಂಬ ಹಳ್ಳಿಗೆ ಹೋದರು. ತಾರಾಬಾಯಿ ಅದಕ್ಕೂ ಮೊದಲು ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾರ ಜೊತೆ ದುಡಿದವರು, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದವರು. ಮಾಂಟೆಸ್ಸರಿ ಸಾಮಾನು ಕೊಳ್ಳುವಷ್ಟು ಹಣ ಹಳ್ಳಿಯಲ್ಲಿ ಇರಲಿಲ್ಲ. ಬೀಜ, ಎಲೆ, ಕಲ್ಲು, ಶಂಖ, ಚಿಪ್ಪು, ಕಡ್ಡಿ ಇವುಗಳಿಂದಲೇ ಎಣಿಸುವುದು, ಜೋಡಿಸುವುದು, ದೊಡ್ಡದು ಚಿಕ್ಕದು ಗುರುತಿಸುವುದು ನಡೆಯಿತು. ಬಾಲವಾಡಿಗೆ ಮಕ್ಕಳು ಬರಲಿಲ್ಲ ಎಂದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋದ ಮೇಲೆ, ದನ ಕಾಯುವ ವಾರಲಿ ಬುಡಕಟ್ಟಿನ ಮಕ್ಕಳ ಹಿಂದೆ ಹುಲ್ಲುಗಾವಲಿಗೂ ಶಾಲೆ ನಡೆಯಿತು. ಇಂದು ದೇಶದ ತುಂಬ ಇರುವ ಅಂಗನವಾಡಿಗಳ ಹಿಂದೆ ಈ ಅಂಗಳದ ಪ್ರಯೋಗವಿದೆ.

ಇತ್ತೀಚಿನ ಉದಾಹರಣೆ ಬೇಕೆಂದರೆ ಅರವಿಂದ ಗುಪ್ತಾ ಇದ್ದಾರೆ. ಪುಣೆ ವಿಶ್ವವಿದ್ಯಾಲಯದ ಆವರಣದ ಖಗೋಳವಿಜ್ಞಾನ ಸಂಸ್ಥೆ ಐಯೂಕಾದಲ್ಲಿರುವ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅವರು ವರ್ಷಾನುಗಟ್ಟಲೆ ಮಾಡಿದ ಕೆಲಸ ಎಂದರೆ ಕಡ್ಡಿಪೆಟ್ಟಿಗೆ, ಸೈಕಲ್ ವಾಲ್ವ್ ಟ್ಯೂಬು, ಹಳೆಯ ಪತ್ರಿಕೆ, ಸ್ಟ್ರಾ ಇವುಗಳಿಂದ ಆಟಿಕೆ ಮಾಡಿ ತೋರಿಸುವುದು. ಆಟಿಕೆ ಮುರಿದರೆ ಬೈಯುವಂತಿಲ್ಲ, ಯಾಕೆಂದರೆ ಅದು ಕಸದಿಂದ ಬಂದದ್ದು. ಈ ಊರಿನಲ್ಲಿ ಇದ್ದುಕೊಂಡು ಸಾವಿರಾರು ರೂಪಾಯಿಯ ಮರದ ಗೋಪುರ ತರಿಸುವವರಿಗೆ ಏನು ಹೇಳುವುದು?

ಇಲ್ಲಿಯವರೆಗೆ ಓದಿದವರು ‘ಹಾಗಾದರೆ ಮನೆಯಲ್ಲಿ ಸುಮ್ಮನೆ ಬಿಟ್ಟರಾಯಿತು’ ಎಂದುಕೊಂಡಿರಬಹುದು. ಅಲ್ಲೂ ನಾನು ಅರ್ಧ ಮಾತ್ರ ಜೊತೆಗಿದ್ದೇನೆ. ತಾರಾಬಾಯಿ, ಅನುತಾಯಿ ಹೋದದ್ದು ಅಂಗಳಕ್ಕೆ. ಅಲ್ಲಿ ಅಜ್ಜ ಬುಟ್ಟಿ ಹೆಣೆಯುತ್ತಿದ್ದ, ಹೆಂಗಸರು ಭತ್ತ ಕುಟ್ಟುತ್ತಿದ್ದರು, ಕೋಳಿಗಳಿದ್ದವು, ಬೇರೆ ಬೇರೆ ವಯಸ್ಸಿನ ಹತ್ತು ಮಕ್ಕಳಿದ್ದರು. ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವುದು ತಾಯಿ, ಮಗು, ಒಂದು ವೈಫೈ. ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಆರಂಭದ ವರ್ಷಗಳಲ್ಲಿ ಶಾಲೆಗೆ ಕಳಿಸದೆ ಮನೆಯಲ್ಲೇ ಬೆಳೆಸಿದರು ಎಂದು ಕನ್ನಡದ ಹೋಮ್‌ಸ್ಕೂಲಿಂಗ್ ಪ್ರಿಯರು ಖುಷಿಯಿಂದ ಹೇಳುತ್ತಾರೆ. ನಿಜ. ಮಗ ಉಲ್ಲಾಸ ಕಾರಂತರು ಆಮೇಲೆ ಹುಲಿಗಳನ್ನು ಅಧ್ಯಯನ ಮಾಡಿ ಜಗತ್ತಿಗೇ ಗೊತ್ತಾದರು, ಅದೂ ನಿಜ. ಆದರೆ ಆ ಮನೆ ಎಂದರೆ ಪುತ್ತೂರಿನ ಬಾಲವನ. ಸುತ್ತ ಕಾಡು ಗುಡ್ಡ, ಮನೆ ತುಂಬ ಪುಸ್ತಕ, ದಿನಾ ಬಂದುಹೋಗುವ ಲೇಖಕರು, ಯಕ್ಷಗಾನದವರು. ಅಪ್ಪ ಮಕ್ಕಳಿಗಾಗಿ ವಿಶ್ವಕೋಶವನ್ನೇ ಬರೆದ ಮನುಷ್ಯ. ಬಾಲವನವಿಲ್ಲದೆ ಕಾರಂತರ ಉದಾಹರಣೆಯನ್ನು ಮಾತ್ರ ಎತ್ತಿಕೊಂಡು ಬಂದರೆ ಅದು ಕೆಲಸ ಮಾಡುವುದಿಲ್ಲ.

ಸಂಶೋಧನೆಗಳೂ ಎರಡೂ ಪಕ್ಷದವರನ್ನು ಸಮಾಧಾನಪಡಿಸುವುದಿಲ್ಲ, ಅದಕ್ಕೇ ಅವು ನನಗೆ ಇಷ್ಟ. ಇಂಗ್ಲೆಂಡಿನಲ್ಲಿ 1997ರಲ್ಲಿ ಆರಂಭವಾಗಿ ಸುಮಾರು ಮೂರು ಸಾವಿರ ಮಕ್ಕಳನ್ನು ಹಿಂಬಾಲಿಸಿದ ಇಪಿಪಿಇ ಅಧ್ಯಯನ, ತಂದೆತಾಯಿ ಯಾರು, ಎಷ್ಟು ಓದಿದ್ದಾರೆ ಎಂಬುದಕ್ಕಿಂತ ಅವರು ಮನೆಯಲ್ಲಿ ಮಗುವಿನ ಜೊತೆ ಏನು ಮಾಡುತ್ತಾರೆ ಎಂಬುದೇ ಮುಖ್ಯ ಎಂದು ಕಂಡುಕೊಂಡಿತು: ಕಥೆ ಓದುವುದು, ಹಾಡುವುದು, ಗ್ರಂಥಾಲಯಕ್ಕೆ ಕರೆದೊಯ್ಯುವುದು. ಮನೆಯಲ್ಲಿ ಕಲಿಸುವವರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಅದೇ ಅಧ್ಯಯನ ಒಳ್ಳೆಯ ಶಿಶುವಿಹಾರಕ್ಕೆ ಹೋದವರಿಗೆ ಪ್ರಯೋಜನವಾಯಿತು ಎಂದೂ, ದಿನವಿಡೀ ಹೋದವರಿಗೆ ಅರ್ಧ ದಿನ ಹೋದವರಿಗಿಂತ ಹೆಚ್ಚೇನೂ ಆಗಲಿಲ್ಲ ಎಂದೂ ಹೇಳಿತು. ಅಮೆರಿಕದ ಟೆನೆಸ್ಸೀ ರಾಜ್ಯದ ಸರ್ಕಾರಿ ಪ್ರಿ-ಕೆ (ಶಾಲಾಪೂರ್ವ) ತರಗತಿಗಳಿಗೆ ಲಾಟರಿಯಿಂದ ಸೀಟು ಸಿಕ್ಕ ಬಡಮಕ್ಕಳು ಆರನೇ ತರಗತಿಗೆ ಬರುವಷ್ಟರಲ್ಲಿ, ಸೀಟು ಸಿಗದವರಿಗಿಂತ ಓದಿನಲ್ಲೂ ನಡತೆಯಲ್ಲೂ ಹಿಂದೆ ಬಿದ್ದದ್ದು 2022ರಲ್ಲಿ ಪ್ರಕಟವಾಯಿತು. ನಮ್ಮಲ್ಲೇ ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳಲ್ಲಿ ನಡೆದು 2017ರಲ್ಲಿ ವರದಿಯಾದ ದೊಡ್ಡ ಅಧ್ಯಯನವೊಂದು, ಖಾಸಗಿ ಪ್ರಿಸ್ಕೂಲುಗಳು ಈ ವಯಸ್ಸಿಗೆ ಒಗ್ಗದ ಅಕ್ಷರ ಅಂಕಿಗಳ ಉರು ಹೊಡೆಸುವುದರಲ್ಲೇ ಮುಳುಗಿವೆ ಎಂದಿತು. ನನಗೆ ಇದರಿಂದ ತಿಳಿಯುವುದು ಇಷ್ಟು: ಮೂರು ನಾಲ್ಕು ವರ್ಷದ ಮಗುವಿಗೆ ಕೊರತೆಯಾಗುವುದು ಪಾಠದ್ದಲ್ಲ, ಜನರದ್ದು. ಮಾತಾಡಿಸುವವರು, ಜಗಳಾಡುವವರು, ಅದರ ಪಾಡಿಗೆ ಅದನ್ನು ಬಿಟ್ಟು ತಮ್ಮ ಕೆಲಸ ತಾವು ಮಾಡಿಕೊಂಡಿರುವವರು ಸುತ್ತ ಇರಬೇಕು. ಇವರು ಮನೆಯಲ್ಲಿದ್ದರೆ ಮನೆ ಸಾಕು. ಇಲ್ಲದಿದ್ದರೆ ಯಾವ ಪೆಟ್ಟಿಗೆ ತರಿಸಿದರೂ ಸಾಲದು.

ಭಾಷೆಯ ವಿಷಯದಲ್ಲಂತೂ ಪುಣೆಯ ಕನ್ನಡ ಮನೆಗೆ ಒಂದು ಸೌಭಾಗ್ಯವಿದೆ, ಅದನ್ನು ನಾವು ತೊಂದರೆ ಎಂದು ತಿಳಿದಿದ್ದೇವೆ. ಮಗು ಅಮ್ಮನ ಜೊತೆ ಕನ್ನಡ, ಮನೆಗೆಲಸಕ್ಕೆ ಬರುವ ಮಾವಶಿಯ ಜೊತೆ ಮರಾಠಿ, ಸೊಸೈಟಿಯ ಜಾರುಬಂಡೆಯ ಹತ್ತಿರ ಹಿಂದಿ ಆಡುತ್ತದೆ. ಯಾರೂ ಪಾಠ ಹೇಳಿಲ್ಲ. ಇತ್ತ ಮಹಾರಾಷ್ಟ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಒಂದನೇ ತರಗತಿಯಿಂದ ಹಿಂದಿಯನ್ನು ಮೂರನೇ ಭಾಷೆಯಾಗಿ ಕಡ್ಡಾಯ ಮಾಡಲು ಹೊರಟು, ಗಲಾಟೆಯಾಗಿ, ಜೂನ್ ಕೊನೆಯಲ್ಲಿ ಆದೇಶ ಹಿಂತೆಗೆದುಕೊಂಡು ಸಮಿತಿ ನೇಮಿಸಿತು. ಆರು ವರ್ಷದವರಿಗೆ ಎಷ್ಟು ಭಾಷೆ ಹೊರೆಯಾಗುತ್ತದೆ ಎಂದು ದೊಡ್ಡವರು ಚರ್ಚೆ ಮಾಡುತ್ತಿದ್ದ ಆ ದಿನಗಳಲ್ಲೂ ವಾಕಡಿನ ನಾಲ್ಕು ವರ್ಷದವರು ಮೂರು ಭಾಷೆಯಲ್ಲಿ ಚೆಂಡಿಗಾಗಿ ಜಗಳ ಆಡುತ್ತಿದ್ದಿರಬೇಕು. ಪುಸ್ತಕವಾದರೆ ಹೊರೆ, ಜನರಾದರೆ ಅಲ್ಲ. ಮನೆಯಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಇಂಗ್ಲಿಷಿನಲ್ಲೇ ‘ಗುಡ್ ಜಾಬ್’ ಎನ್ನುವ ತಾಯ್ತಂದೆಯರು ಈ ಮೂರು ವರ್ಷದ ಲಾಭವನ್ನು ಕಳೆದುಕೊಳ್ಳುತ್ತಾರೆ. ಇಂಗ್ಲಿಷ್ ಬಂದೇ ಬರುತ್ತದೆ, ಈ ಊರಿನಲ್ಲಿ ಅದನ್ನು ತಡೆಯುವುದಕ್ಕೆ ಯಾರಿಂದಲೂ ಆಗದು. ಕನ್ನಡಕ್ಕೆ ಮಾತ್ರ ಇರುವುದು ಇದೇ ಸಮಯ. ಅಜ್ಜ ಅಜ್ಜಿ ಎರಡು ತಿಂಗಳು ಬಂದಿದ್ದು ಹೋದರೆ ಅದು ಯಾವ ಪಠ್ಯಕ್ರಮಕ್ಕಿಂತಲೂ ದೊಡ್ಡದು.

ಇನ್ನೊಂದು ಮಾತನ್ನು ಹೋಮ್‌ಸ್ಕೂಲಿಂಗಿನ ಉತ್ಸಾಹದಲ್ಲಿ ಮೆಲ್ಲಗೆ ದಾಟಿಬಿಡುತ್ತಾರೆ. ‘ನಾವು’ ಮನೆಯಲ್ಲಿ ಕಲಿಸುತ್ತೇವೆ ಎನ್ನುವ ವಾಕ್ಯದಲ್ಲಿ ಕೆಲಸ ಬಿಟ್ಟವರು ಯಾರು? ಬಹುಪಾಲು ಹೆಂಡತಿ. ಗಂಡ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕೂತು ಶಿಕ್ಷಣದ ಬಗ್ಗೆ ಪಾಡ್‌ಕಾಸ್ಟ್ ಕೇಳುತ್ತಾನೆ. ಈ ನಿರ್ಧಾರದ ಬೆಲೆ ಇಬ್ಬರೂ ಸಮನಾಗಿ ತೆರುತ್ತಿದ್ದರೆ ನನ್ನ ಮಾತು ಹಿಂದಕ್ಕೆ. ಇಲ್ಲದಿದ್ದರೆ, ಹತ್ತಿರದ ಮರಾಠಿ ಬಾಲವಾಡಿಗೋ ಅಂಗನವಾಡಿಗೋ ಬೆಳಿಗ್ಗೆ ಮೂರು ತಾಸು ಕಳಿಸುವುದರಲ್ಲಿ ಯಾವ ಸೋಲೂ ಇಲ್ಲ. ಅದರಿಂದ ತಾಯಿಗೆ ಮೂರು ತಾಸು ಸಿಗುತ್ತದೆ, ಮಗುವಿಗೆ ಹತ್ತು ಜನ ಸಿಗುತ್ತಾರೆ. ಅಂಗನವಾಡಿ ಎಂದ ಕೂಡಲೆ ಮೂಗು ಮುರಿಯುವವರು ಒಮ್ಮೆ ಒಳಗೆ ಹೋಗಿ ಕೂತು ನೋಡಲಿ. ಕೆಲವು ಕಡೆ ಕೆಟ್ಟದಾಗಿಯೇ ಇರುತ್ತದೆ, ಕೆಲವು ಕಡೆ ಅಲ್ಲಿನ ಕಾರ್ಯಕರ್ತೆ ಹಾಡುತ್ತಾ ಮಕ್ಕಳನ್ನು ಕುಣಿಸುವುದನ್ನು ನೋಡಿದರೆ ಎದ್ದುಬರಲು ಮನಸ್ಸಾಗುವುದಿಲ್ಲ.

ಉಳಿದದ್ದು ಸೀಟಿನ ಭಯ. ಇದನ್ನು ನಾನು ತಳ್ಳಿಹಾಕುವುದಿಲ್ಲ, ಯಾಕೆಂದರೆ ನರ್ಸರಿಯ ನಿಜವಾದ ಕಾರಣ ಬಹುತೇಕ ಇದೇ. ಹೆಸರಾದ ಶಾಲೆಗಳು ಮಕ್ಕಳನ್ನು ತೆಗೆದುಕೊಳ್ಳುವುದು ನರ್ಸರಿಯ ಬಾಗಿಲಲ್ಲಿ; ಒಂದನೇ ತರಗತಿಗೆ ಬಂದು ನಿಂತರೆ ‘ಜಾಗ ಇಲ್ಲ’ ಎನ್ನುತ್ತವೆ. ಆರು ದಾಟಿದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಕೊಡಬೇಕೆಂದು ಕಾಯ್ದೆಯ ನಾಲ್ಕನೆಯ ಕಲಮು ಹೇಳುತ್ತದೆ, ಮಹಾನಗರಪಾಲಿಕೆಯ ಶಾಲೆಗಳಲ್ಲಿ, ಅನೇಕ ಮರಾಠಿ ಮಾಧ್ಯಮದ ಶಾಲೆಗಳಲ್ಲಿ ಬಾಗಿಲು ತೆರೆದೇ ಇರುತ್ತದೆ. ಪುಣೆಯಲ್ಲಿ ಕನ್ನಡ ಮಾಧ್ಯಮದ ಶಾಲೆಯೂ ಇದೆ. ಅವು ಆಗಬಹುದು ಎನ್ನುವವರು ಆರರವರೆಗೆ ನಿಶ್ಚಿಂತೆಯಿಂದ ಇರಬಹುದು. ಹೋಮ್‌ಸ್ಕೂಲಿಂಗ್ ಮುಂದುವರಿಸುವುದೋ ಬೇಡವೋ ಎಂದು ಐದೂವರೆಯಾದಾಗ ಯೋಚಿಸಿದರೂ ತಡವಾಗುವುದಿಲ್ಲ. ಇಲ್ಲ, ನಮಗೆ ಆ ಒಂದು ಶಾಲೆಯೇ ಬೇಕು ಎನ್ನುವವರು ಈಗಲೇ ಹೋಗಿ ನರ್ಸರಿಯ ಫೀಸು ಕಟ್ಟಲಿ. ನನ್ನ ತಕರಾರಿಲ್ಲ. ಅದು ಸೀಟಿನ ಮುಂಗಡ ಎಂದು ತಿಳಿದೇ ಕಟ್ಟಲಿ, ಮತ್ತು ಮಧ್ಯಾಹ್ನ ಮನೆಗೆ ಬಂದ ಮಗುವಿನ ಬ್ಯಾಗು ಬಿಚ್ಚಿ ‘ಇವತ್ತು ಏನು ಕಲಿಸಿದರು’ ಎಂದು ದಿನಾ ತನಿಖೆ ಮಾಡುವುದು ಬೇಡ.