ಹೆಸರು ಸಿಗದ ಕಾಯಿಲೆ

ಹೊಣಕೆರೆಯಂಥ ಊರಿನಲ್ಲಿ ಮಗುವಿಗೆ ಜ್ವರ ಬಂದರೆ ಮೊದಲ ದಿನ ಅದು ಬಿಸಿಲಲ್ಲಿ ಆಡಿ ಬಂದದ್ದು. ಎರಡನೆಯ ದಿನ ದೃಷ್ಟಿ ತೆಗೆಯುತ್ತಾರೆ. ಮೂರನೆಯ ದಿನ ಹತ್ತಿರದ ಆರೋಗ್ಯ ಕೇಂದ್ರ. ವಾರವಾದರೂ ಇಳಿಯದಿದ್ದರೆ ನಾಗಮಂಗಲದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯೋ, ಮಂಡ್ಯದ ಮಿಮ್ಸೋ, ಮೈಸೂರಿನ ಚೆಲುವಾಂಬವೋ. ಅಷ್ಟರಲ್ಲಿ ತಾಯಿಯ ಕೈಲಿರುವ ಪ್ಲಾಸ್ಟಿಕ್ ಚೀಲ ಚೀಟಿಗಳಿಂದ ಉಬ್ಬಿರುತ್ತದೆ. ಹೋದ ಕಡೆಯಲ್ಲೆಲ್ಲ ತಂದೆ ಕೇಳುವುದು ಒಂದೇ ಪ್ರಶ್ನೆ: ‘ಏನ್ ಕಾಯ್ಲೆ ಸಾ?’ ಬರುವ ಉತ್ತರವೂ ಒಂದೇ: ‘ರಿಪೋರ್ಟ್ ಬರಲಿ, ನೋಡೋಣ.’

ಈ ‘ನೋಡೋಣ’ ಎಂಬ ಮಾತು ಮನೆಯವರ ಎದೆ ಒಡೆಯುತ್ತದೆ. ಡಾಕ್ಟರಿಗೇ ಗೊತ್ತಿಲ್ಲ ಎಂದರೆ ಇನ್ನಾರಿಗೆ ಗೊತ್ತು? ಆದರೆ ಟೈಫಾಯ್ಡ್, ಡೆಂಗಿ, ಕ್ಷಯ, ಮಿದುಳು ಜ್ವರ ಎಲ್ಲವೂ ಮೊದಲಿಗೆ ಬರುವುದು ಬರೀ ಜ್ವರವಾಗಿಯೇ. ಟೈಫಾಯ್ಡಿಗೆಂದು ಮಾಡುವ ವಿಡಾಲ್ ಪರೀಕ್ಷೆಯನ್ನು ಮೊದಲ ವಾರದಲ್ಲಿ ನಂಬುವಂತಿಲ್ಲ. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರಿಗೆ ಎರಡರಿಂದ ಐದು ದಿನ ಬೇಕು. ಅದು ಬೆಳೆಯುವ ವೇಗವನ್ನು ಯಾವ ಶಿಫಾರಸು ಪತ್ರವೂ ಹೆಚ್ಚಿಸಲಾರದು. ಹಾಗಾಗಿ ಹೆಸರು ಸಿಗುವ ಮುನ್ನವೇ ಔಷಧಿ ಶುರುವಾಗಿರುತ್ತದೆ. ‘ಏನೂ ಗೊತ್ತಿಲ್ದೆ ಇಂಜೆಕ್ಷನ್ ಚುಚ್ತಾವ್ರೆ’ ಎಂದು ವಾರ್ಡಿನ ಹೊರಗೆ ಗೊಣಗುವವರಿಗೆ ಇದನ್ನು ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು. ಹೇಳಲು ಪುರುಸೊತ್ತಿಲ್ಲದಿರುವುದು ನಮ್ಮ ದೊಡ್ಡಾಸ್ಪತ್ರೆಗಳ ಹಳೆಯ ಕಾಯಿಲೆ.

ಎಲ್ಲಕ್ಕಿಂತ ದೊಡ್ಡ ಜಗಳ ಬೆನ್ನಿನಿಂದ ನೀರು ತೆಗೆಯುವ ದಿನ. ಮಗು ಮಂಕಾಗಿದೆ, ಕತ್ತು ಬಗ್ಗುತ್ತಿಲ್ಲ, ವಾಂತಿ ನಿಂತಿಲ್ಲ. ಸಹಿ ಹಾಕಿ ಎಂದು ಡಾಕ್ಟರು ಕಾಗದ ಕೊಡುತ್ತಾರೆ. ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಪಿಸುಗುಟ್ಟಿರುತ್ತಾರೆ: ‘ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ದೋಯ್ತದೆ.’ ಊರಿಗೆ ಫೋನು ಹೋಗುತ್ತದೆ, ಊರಿನಿಂದ ‘ಬ್ಯಾಡ’ ಎಂಬ ತೀರ್ಪು ಬರುತ್ತದೆ. ನಿಜವೆಂದರೆ ಬೆನ್ನುಹುರಿ ಸೊಂಟದ ಮೇಲುಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಮಿದುಳಿನಲ್ಲಿ ಒತ್ತಡ ಹೆಚ್ಚಿದೆಯೇ ಎಂದು ಮೊದಲು ನೋಡಿಕೊಂಡೇ ಡಾಕ್ಟರು ಈ ಕೆಲಸಕ್ಕೆ ಕೈಹಾಕುತ್ತಾರೆ. ತೆಗೆದಷ್ಟು ನೀರನ್ನು ದೇಹ ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಸೂಜಿ ಹಾಕಿದ ಮೇಲೆ ಕಾಲು ಬಿದ್ದ ಮಕ್ಕಳು ಇರಬಹುದು. ಅವರ ಕಾಲು ತೆಗೆದದ್ದು ಹೆಚ್ಚಾಗಿ ಒಳಗಿದ್ದ ಕಾಯಿಲೆ. ಕ್ಷಯದ ಮಿದುಳು ಜ್ವರದಂಥದ್ದು ವಾರಗಟ್ಟಲೆ ಮೆಲ್ಲಗೆ ಏರುತ್ತದೆ. ಸಹಿ ಹಾಕದೆ ಕಳೆದ ಎರಡು ದಿನದ ಬೆಲೆಯನ್ನು ಮಗು ಕೊನೆಯವರೆಗೆ ತೆರಬೇಕಾದೀತು.

ಹೆಸರು ಹುಡುಕುವ ಕೆಲಸದಲ್ಲಿ ಮನೆಯವರದೂ ಪಾಲಿದೆ ಎಂಬುದನ್ನು ಯಾರೂ ಅವರಿಗೆ ಹೇಳುವುದಿಲ್ಲ. ಸ್ಕ್ರಬ್ ಟೈಫಸ್ ಎಂಬ ಜ್ವರವನ್ನೇ ನೋಡಿ. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿ ಬರುತ್ತದೆ. ಕರ್ನಾಟಕದ ಮಕ್ಕಳಲ್ಲೂ ಕಾಣಿಸುತ್ತದೆ. ಕಚ್ಚಿದ ಜಾಗದಲ್ಲಿ ಬೀಡಿ ತುದಿ ತಾಗಿದಂತೆ ಕಪ್ಪು ಹಕ್ಕಳೆ ಬರುವುದುಂಟು. ನೋವಿಲ್ಲ, ತುರಿಕೆಯಿಲ್ಲ. ಅದು ಕಂಕುಳಲ್ಲೋ, ತೊಡೆಸಂದಿನಲ್ಲೋ, ಉಡುದಾರದ ಕೆಳಗೋ ಅಡಗಿರುತ್ತದೆ. ಅವಸರದ ರೌಂಡ್ಸಿನಲ್ಲಿ ಡಾಕ್ಟರ ಕಣ್ಣು ತಪ್ಪಬಹುದು; ಮಗುವಿಗೆ ಸ್ನಾನ ಮಾಡಿಸುವ ತಾಯಿಯ ಕಣ್ಣು ತಪ್ಪದು. ‘ಇಲ್ಲೊಂದು ಕರೀ ಗಾಯ ಐತೆ ಸಾ’ ಎಂಬ ಒಂದು ಮಾತು ಹತ್ತು ಪರೀಕ್ಷೆಗೆ ಸಮ. ಸರಿಯಾದ ಔಷಧಿ ಬಿದ್ದರೆ ಹೆಚ್ಚಿನ ಮಕ್ಕಳಲ್ಲಿ ಎರಡು ದಿನದೊಳಗೆ ಜ್ವರ ಇಳಿಯುತ್ತದೆ. ಜ್ವರ ಯಾವ ಹೊತ್ತಿಗೆ ಏರಿತು, ಎಲ್ಲಿ ಆಡಿದ್ದ, ಯಾವ ಮಾತ್ರೆ ನುಂಗಿದ್ದ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಆಸ್ಪತ್ರೆ ಬದಲಿಸಲೇಬೇಕಾದರೆ ಆ ಪ್ಲಾಸ್ಟಿಕ್ ಚೀಲ ಮಾತ್ರ ಕಳೆಯಬಾರದು. ಚೀಲ ಹೋದರೆ ತನಿಖೆ ಮೊದಲಿನಿಂದ ಶುರು.

ಕೆಲವು ಕಾಯಿಲೆಗಳಿಗೆ ದಿನಗಳಲ್ಲ, ವರ್ಷಗಳೇ ಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಬೆಳಕಿಗೆ ಬಂದ ಕಾಯಿಲೆಯ ಕಥೆ ಹಾಗೆ. ಸೊಂಟ, ಮಂಡಿ ನೋವು, ನಡೆಯಲಾಗದ ಸ್ಥಿತಿ, ಕೆಲವು ಮಕ್ಕಳು ಕುಳ್ಳಾಗಿಯೇ ಉಳಿದರು. ಬಳಲಿದವರು ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳವರು. ಗದ್ದೆಯ ಏಡಿ ತಿಂದು ಹೀಗಾಯಿತು, ಏಡಿಯಲ್ಲಿ ಕೀಟನಾಶಕದ ವಿಷ ಸೇರಿತ್ತು ಎಂಬ ಗುಮಾನಿ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದು ನೋಡಿದರು. ಮುಂದಿನ ಅಧ್ಯಯನಗಳಲ್ಲಿ ಇದು ಮೂಳೆ-ಕೀಲಿಗೆ ಸಂಬಂಧಿಸಿದ ವಂಶಪಾರಂಪರ್ಯದ ಕಾಯಿಲೆ ಎಂದು ತಿಳಿಯಿತು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹೆಸರು ಸಿಕ್ಕರೂ ವಾಸಿ ಮಾಡುವ ಔಷಧಿ ಸಿಗಲಿಲ್ಲ. ಆದರೂ ತಾವು ಉಂಡ ಅನ್ನವೇ ತಮ್ಮ ಮಕ್ಕಳಿಗೆ ವಿಷವಾಯಿತು ಎಂಬ ಕೊರಗಾದರೂ ಆ ತಾಯಂದಿರಿಗೆ ತಪ್ಪಿತಲ್ಲ, ಅದೇನು ಸಣ್ಣ ಮಾತೆ?

ಹೆಸರಿಲ್ಲದ ಕಾಯಿಲೆ ಮನೆಗೆ ಬಂದರೆ ಮೊದಲು ಹುಟ್ಟುವುದು ಈ ‘ಯಾರಿಂದ’ ಎಂಬ ಪ್ರಶ್ನೆ. ಅತ್ತೆ ಸೊಸೆಯ ಕಡೆ ನೋಡುತ್ತಾಳೆ, ಸೊಸೆ ಗಂಡನ ಕುಡಿತದ ಕಡೆ. ತೀರಿಸದ ಹರಕೆಯೊಂದು ನೆನಪಾಗುತ್ತದೆ. ಹರಕೆ ತೀರಿಸಲಿ, ಅದರಿಂದ ಅಜ್ಜಿಗೆ ಒಂದು ರಾತ್ರಿ ನಿದ್ದೆ ಬಂದರೆ ಲಾಭವೇ. ಮದ್ದು ನಿಲ್ಲಿಸದಿದ್ದರೆ ಸರಿ.

ಯಾರೂ ನೋಡದ ಇನ್ನೊಂದು ಮಗು ಊರಿನಲ್ಲಿರುತ್ತದೆ. ಎಂಟೋ ಒಂಬತ್ತೋ ವಯಸ್ಸಿನ ಅಕ್ಕ. ಚಿಕ್ಕಮ್ಮನ ಮನೆಯಲ್ಲಿ ಉಂಡು ಶಾಲೆಗೆ ಹೋಗುತ್ತಾಳೆ, ತುಟಿ ಬಿಚ್ಚುವುದಿಲ್ಲ. ಹಿಂದಿನ ವಾರ ತಮ್ಮನಿಗೆ ‘ನೀನು ಸಾಯಿ’ ಎಂದು ಬೈದಿದ್ದು ಅವಳಿಗೊಬ್ಬಳಿಗೇ ಗೊತ್ತು. ಆ ವಯಸ್ಸಿನ ಮಕ್ಕಳು ತಮ್ಮ ಮಾತಿನಿಂದಲೇ ಹೀಗಾಯಿತೆಂದು ನಂಬುವುದು ಬಹಳ. ಲೆಕ್ಕ ತಪ್ಪಿತೆಂದು ಮೇಷ್ಟ್ರು ಗದರುವ ಮುಂಚೆ, ತಮ್ಮ ಹೇಗಿದ್ದಾನೆ ಎಂದು ಒಮ್ಮೆ ಕೇಳಿದರೆ ಆ ಗುಟ್ಟು ಹೊರಬಂದೀತು.

ಇನ್ನು ಹಾಸಿಗೆಯಲ್ಲಿರುವವನು. ನಿದ್ದೆಯಲ್ಲಿದ್ದಾನೆ ಎಂದುಕೊಂಡು ದೊಡ್ಡವರು ತಲೆದಿಂಬಿನ ಪಕ್ಕದಲ್ಲೇ ಮಾತಾಡುತ್ತಾರೆ, ಅಳುತ್ತಾರೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ರಾತ್ರಿ ದೀಪ ಆರಿದ ಮೇಲೆ ಅಪ್ಪನ ಬೆರಳು ಹಿಡಿದು ಕೇಳುತ್ತಾನೆ, ನಂಗೇನಾಗದೆ? ಏನೂ ಇಲ್ಲ ಎಂದರೆ ಅವನು ನಂಬುವುದಿಲ್ಲ. ಏನೂ ಇಲ್ಲದವರಿಗೆ ಕೈಗೆ ಸೂಜಿ ಕಟ್ಟುವುದಿಲ್ಲ ಎಂಬಷ್ಟು ಅವನಿಗೂ ಗೊತ್ತು. ‘ಡಾಕ್ಟ್ರು ಹುಡುಕ್ತಾವ್ರೆ ಕಣ್ ಮಗ, ಸಿಕ್ಕುದ್ ಕೂಡ್ಲೆ ನಿಂಗೂ ಹೇಳ್ತೀನಿ’ ಎಂದರೆ, ಬೆರಳು ಬಿಡದೆ ಹಾಗೇ ಮಲಗುತ್ತಾನೆ.