ಬೆಟ್ಟಕ್ಕೆ ಬಸ್ಸು, ಬಸ್ಸಿಗೆ ಹಣ

ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ತಪ್ಪಲಿಗೆ ಹೋದವರಿಗೆ ಸೂರ್ಯೋದಯಕ್ಕೂ ಮೊದಲು ಕಾಣುವುದು ವಾಹನಗಳ ಕೆಂಪು ದೀಪಗಳ ಸಾಲು. ತಂಪು ಹುಡುಕಿಕೊಂಡು ಬಂದವರು ಹೊಗೆ ಕುಡಿದು ಮರಳುತ್ತಾರೆ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯಲ್ಲಿ ಈ ದಟ್ಟಣೆ ಎಷ್ಟಾಯಿತೆಂದರೆ, 2025ರಲ್ಲಿ ಜಿಲ್ಲಾಡಳಿತ ವಾಹನಗಳಿಗೆ ಮುಂಗಡ ನೋಂದಣಿಯನ್ನೇ ವಿಧಿಸಬೇಕಾಯಿತು. ಆದರೆ ನೋಂದಣಿ ಎಂಬುದು ಬಾಗಿಲಿಗೆ ಹಾಕುವ ಚಿಲಕವಷ್ಟೆ. ಹೊರಗೆ ಉಳಿದವನು ಬೆಟ್ಟ ಏರುವ ಬಗೆ ಹೇಗೆ?

ಉತ್ತರ ನಮ್ಮಲ್ಲೇ ಇದೆ. ಬಂಡೀಪುರ ಅರಣ್ಯಕ್ಕೆ ಸೇರಿದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಕಾರನ್ನು ಕೆಳಗೇ ನಿಲ್ಲಿಸಿ ಕೆಎಸ್ಆರ್‌ಟಿಸಿ ಬಸ್ಸು ಹತ್ತಬೇಕು. ಸ್ವಂತ ಕಾರಿನಲ್ಲಿ ಬಂದ ಶ್ರೀಮಂತನೂ ನಡೆದು ಬಂದ ಹಳ್ಳಿಯ ಭಕ್ತನೂ ಒಂದೇ ಸೀಟಿನಲ್ಲಿ ಕುಳಿತು ಮೇಲೇರುತ್ತಾರೆ. ದೇಗುಲದ ಬಳಿಗೆ ಆನೆಗಳೂ ಬಂದು ಹೋಗುವ ಜಾಗವದು. ಸಫಾರಿಗೂ ಇದೇ ನಿಯಮ: ನಾಗರಹೊಳೆಯಾಗಲಿ ಬಂಡೀಪುರವಾಗಲಿ, ನಮ್ಮ ಕಾರನ್ನು ಒಳಗೆ ಬಿಡುವುದಿಲ್ಲ. ಇದನ್ನು ಯಾರೂ ತಮ್ಮ ಹಕ್ಕಿನ ಹರಣವೆಂದು ದೂರುವುದಿಲ್ಲ. ಹಾಗಿರುವಾಗ ನಂದಿಗೂ ಮುಳ್ಳಯ್ಯನಗಿರಿಗೂ ಈ ಶಿಸ್ತು ಏಕೆ ಬಾರದು?

ತೊಡಕಿರುವುದು ಮನಸ್ಸಿನಲ್ಲಿ ಅಲ್ಲ, ಲೆಕ್ಕದ ಪುಸ್ತಕದಲ್ಲಿ. ಸಾರಿಗೆ ಸಂಸ್ಥೆ ಪ್ರತಿ ಮಾರ್ಗವನ್ನೂ ಕಿಲೋಮೀಟರಿಗೆ ಬರುವ ಗಳಿಕೆಯಿಂದ ಅಳೆಯುತ್ತದೆ. ಬೆಟ್ಟದ ಬಸ್ಸು ಶನಿವಾರ, ಭಾನುವಾರ ಕಿಕ್ಕಿರಿದು ತುಂಬುತ್ತದೆ. ಮಂಗಳವಾರ ಚಾಲಕ, ನಿರ್ವಾಹಕರಿಬ್ಬರೇ ಗಾಳಿ ತಿನ್ನುತ್ತ ಕೂರುತ್ತಾರೆ. ತಿರುವಿನ ಏರಿಗೆ ಡೀಸೆಲ್ಲೂ ಹೆಚ್ಚು, ಬ್ರೇಕಿನ ಸವೆತವೂ ಹೆಚ್ಚು. ಇಂಥ ಷೆಡ್ಯೂಲನ್ನು ಯಾವ ಡಿಪೋ ವ್ಯವಸ್ಥಾಪಕ ತಾನಾಗಿ ಬಯಸಿಯಾನು? ಇತ್ತ ಪ್ರವೇಶ ಮತ್ತು ನಿಲುಗಡೆ ಶುಲ್ಕ ಬೇರೊಂದು ಇಲಾಖೆಯ ಖಾತೆಗೆ ಸೇರುತ್ತದೆ. ಹಣವಿರುವವರಿಗೆ ಬಸ್ಸಿಲ್ಲ, ಬಸ್ಸಿರುವವರಿಗೆ ಹಣವಿಲ್ಲ.

ಅಮೆರಿಕದ ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನ ಈ ಗಂಟನ್ನು ಬಿಡಿಸಿಕೊಂಡಿತು. 1997ರಲ್ಲೇ ಅಲ್ಲಿಗೆ ವರ್ಷಕ್ಕೆ 24 ಲಕ್ಷ ಜನ ಬರುತ್ತಿದ್ದರು. ಕಿರಿದಾದ ಕಣಿವೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. 2000ದಲ್ಲಿ ಬಸ್ಸು ಆರಂಭವಾಯಿತು; ಬಸ್ಸು ಓಡುವ ಋತುವಿನಲ್ಲಿ ಕಣಿವೆಯ ರಸ್ತೆಗೆ ಖಾಸಗಿ ಕಾರು ನಿಷಿದ್ಧ. ಬಸ್ಸಿಗೆ ಪ್ರತ್ಯೇಕ ಟಿಕೆಟ್ ಇಲ್ಲ, ಪ್ರವೇಶ ಶುಲ್ಕದಲ್ಲೇ ಅದರ ಪಾಲು ಅಡಗಿದೆ. ಪಕ್ಕದ ಸ್ಪ್ರಿಂಗ್‌ಡೇಲ್ ಊರಿನೊಳಗೂ ಬಸ್ಸು ಓಡುವುದರಿಂದ ಅಲ್ಲಿನ ಹೋಟೆಲು, ಅಂಗಡಿಗಳಿಗೂ ಗಿರಾಕಿ ತಪ್ಪಲಿಲ್ಲ. 2024ರ ಹೊತ್ತಿಗೆ ಹಳೆಯ ಬಸ್ಸುಗಳ ಜಾಗಕ್ಕೆ ವಿದ್ಯುತ್ ಬಸ್ಸುಗಳು ಬಂದವು.

ಅಲ್ಲಿನ 2004ರ ಕಾನೂನೊಂದು ಉದ್ಯಾನದಲ್ಲಿ ಸಂಗ್ರಹವಾದ ಶುಲ್ಕದ ಬಹುಪಾಲನ್ನು ಅಲ್ಲೇ ಖರ್ಚು ಮಾಡಲು ಬಿಡುತ್ತದೆ. 2005ರಲ್ಲಿ ಉದ್ಯಾನಗಳ ಸಾರಿಗೆಗೆಂದೇ ಒಂದು ಪ್ರತ್ಯೇಕ ಕೇಂದ್ರ ನಿಧಿಯೂ ಹುಟ್ಟಿತು. 2012ರ ಸಾರಿಗೆ ಕಾಯ್ದೆ ಅದನ್ನು ರದ್ದು ಮಾಡಿತು. ಬಜೆಟ್ಟಿನ ಕೃಪೆಯಲ್ಲಿ ಬದುಕುವ ಯೋಜನೆಯ ಹಣೆಬರಹವೇ ಅಷ್ಟು. ಗೇಟಿನಲ್ಲಿ ದಿನವೂ ಬೀಳುವ ದುಡ್ಡಿಗೆ ಆ ಭಯ ಕಡಿಮೆ.

ನಮ್ಮಲ್ಲೂ ಬೇಕಾದದ್ದು ಇಂಥದೇ ಸರಳ ಆದೇಶ. ಬೆಟ್ಟದ ಪ್ರವೇಶ ಮತ್ತು ನಿಲುಗಡೆ ಶುಲ್ಕದ ನಿಗದಿತ ಪಾಲು ಆ ಬೆಟ್ಟದ ಬಸ್ಸಿಗೇ ಸಲ್ಲಲಿ. ತಪ್ಪಲಲ್ಲಿ ನಿಲ್ಲಿಸುವ ಕಾರಿಗಿಂತ ಮೇಲಕ್ಕೆ ಹೋಗಲೇಬೇಕೆನ್ನುವ ಕಾರಿಗೆ ಹಲವು ಪಟ್ಟು ಶುಲ್ಕ ಬೀಳಲಿ. ವೃದ್ಧರು, ಅಂಗವಿಕಲರ ವಾಹನಕ್ಕೆ ವಿನಾಯಿತಿ ಇರಲಿ. ಪ್ರವಾಸಿಗರನ್ನು ಕರೆದೊಯ್ದು ಹೊಟ್ಟೆ ಹೊರೆಯುವ ಜೀಪು, ಟ್ಯಾಕ್ಸಿ ಚಾಲಕರನ್ನು ಬೀದಿಗೆ ತಳ್ಳಬೇಕಿಲ್ಲ. ಅವರನ್ನೇ ಬಾಡಿಗೆಗೆ ಪಡೆದು ನಿಗದಿತ ಸಮಯಕ್ಕೆ, ನಿಗದಿತ ದರದಲ್ಲಿ ಓಡಿಸಬಹುದು. ಅವರ ವಿರೋಧವನ್ನು ಕಡೆಗಣಿಸಿ ಆದೇಶ ಹೊರಡಿಸಿದರೆ ಅದು ಒಂದು ವಾರವೂ ಬಾಳದು.

ನಂದಿಬೆಟ್ಟಕ್ಕೆ ರೋಪ್‌ವೇ ನಿರ್ಮಿಸಲು 2023ರಲ್ಲಿ ಶಂಕುಸ್ಥಾಪನೆಯಾಯಿತು. ದೊಡ್ಡ ಯೋಜನೆಗಳ ಮೋಹ ನಮಗೆ ಹೊಸದೇನಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಮೆಮು ರೈಲು ಓಡತೊಡಗಿ, ಬೆಟ್ಟದ ಬಳಿಯ ನಂದಿ ಹಾಲ್ಟಿನಲ್ಲೂ ನಿಂತಿತು. ಅದಕ್ಕೆ ಇಷ್ಟು ಸದ್ದಾಗಲಿಲ್ಲ. ರೈಲಿನ ವೇಳೆಗೆ ಹೊಂದಿಸಿ ನಿಲ್ದಾಣದಿಂದ ಬೆಟ್ಟದ ತುದಿಗೆ ವಾರಾಂತ್ಯದಲ್ಲಿ ನಾಲ್ಕೈದು ಮಿನಿ ಬಸ್ಸು ಓಡಿಸುವುದಕ್ಕೆ ಕಂಬ ನೆಡಬೇಕಿಲ್ಲ, ಕಲ್ಲು ಒಡೆಯಬೇಕಿಲ್ಲ. ತೋಟಗಾರಿಕೆ, ಪ್ರವಾಸೋದ್ಯಮ ಮತ್ತು ಸಾರಿಗೆ ಇಲಾಖೆಗಳ ಮೂವರು ಅಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತರೆ ಮುಂದಿನ ತಿಂಗಳೇ ಶುರುವಾದೀತು.